ಗುರುವಾಯನಕೆರೆಯ ಸ್ಟ್ರಿಂಗ್ ಕ್ವಾರ್ಟೆಟ್

ಗುರುವಾಯನಕೆರೆಯಲ್ಲಿ ನಮ್ಮ ತಂದೆಯವರ ಹೋಟೆಲು ಇತ್ತು. ಬೆಳ್ತಂಗಡಿಗೆ ಹೋಗುವ ಬಸ್ಸು, ವೇಣೂರಿನ ಮೇಲೆ ಮೂಡಬಿದಿರೆಗೆ ಹೋಗುವ ಬಸ್ಸು, ಮಡಂತ್ಯಾರಿನ ಮೇಲೆ ಬಂಟ್ವಾಳಕ್ಕೆ ಇಳಿಯುವ ಬಸ್ಸು ಎಲ್ಲ ಅಲ್ಲಿ ನಿಲ್ಲುತ್ತಿದ್ದವು. ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಬಂದ ಮೇಲೆ ನಾನು ಗಲ್ಲಾದಲ್ಲಿ ಕೂತೆ. ಬೇರೆ ಏನಾದರೂ ಆಗಬೇಕು ಎಂಬ ದೊಡ್ಡ ಆಸೆ ನನಗಿರಲಿಲ್ಲ. ಚಿಕ್ಕಂದಿನಲ್ಲಿ ಭಾನುವಾರಗಳಂದು ಮೂಡಬಿದಿರೆಗೆ ಹೋಗಿ ಒಬ್ಬ ವಿದ್ವಾಂಸರ ಹತ್ತಿರ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೆ. ವರ್ಣಗಳು, ಕೆಲವು ಕೀರ್ತನೆಗಳು, ಅಷ್ಟೆ. ಅವರು ಮಗಳ ಮನೆಗೆಂದು ಮೈಸೂರಿಗೆ ಹೋದ ಮೇಲೆ ಪಾಠ ನಿಂತಿತು. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ಹೋಟೆಲಿನ ಮಾಳಿಗೆಗೆ ಹೋಗಿ, ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಸಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿಕೊಂಡು ಸ್ವಲ್ಪ ಹೊತ್ತು ನುಡಿಸುತ್ತಿದ್ದೆ.

ತೊಂಬತ್ತರ ದಶಕದ ಆರಂಭದ ಒಂದು ಮಧ್ಯಾಹ್ನ ಹಾಗೆ ನುಡಿಸುತ್ತಿರುವಾಗ ಒಬ್ಬರು ಕೈಯಲ್ಲಿ ಚಾದ ಗ್ಲಾಸು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಶೂ. ನಾನು ನಿಲ್ಲಿಸಲು ಹೋದರೆ ಬೇಡವೆಂದು ಕೈಸನ್ನೆ ಮಾಡಿದರು. ಕೀರ್ತನೆ ಮುಗಿದ ಮೇಲೆ ಚೆನ್ನಾಗಿತ್ತು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. “ನಿಮ್ಮ ಎಡಗೈ ಒಮ್ಮೆ ತೋರಿಸಿ” ಎಂದರು. ಜ್ಯೋತಿಷ್ಯ ಹೇಳುವವರಿರಬೇಕು ಎಂದುಕೊಂಡು ತೋರಿಸಿದೆ. ಅವರು ತಮ್ಮ ಕೈಯನ್ನು ನನ್ನ ಕೈಗೆ ತಾಗಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆದರು.

“ನಿಮಗೆ ವಯಲಿನ್ ಸಣ್ಣದಾಯ್ತು ಮಾರಾಯ್ರೆ. ವಿಯೋಲ ಅಂತ ಉಂಟು, ಸ್ವಲ್ಪ ದೊಡ್ಡದು, ಸ್ವರ ತಗ್ಗು. ಅದನ್ನು ನುಡಿಸುವವರು ನನಗೆ ಇಲ್ಲಿಂದ ಗೋವಾದವರೆಗೆ ಸಿಗಲಿಲ್ಲ. ನೀವು ಬರ್ತೀರಾ?”

ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಬರೆಯುವಾಗ ಅದನ್ನೆಲ್ಲ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಅವರನ್ನು ನಾವೆಲ್ಲ ಮಾಸ್ಟ್ರು ಎಂದೇ ಕರೆದದ್ದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮಾಸ್ಟ್ರು ಬಂಟ್ವಾಳದವರು. ಹದಿಹರೆಯದಲ್ಲಿ ಇಗರ್ಜಿಯ ಪಾದ್ರಿಯೊಬ್ಬರಿಂದ ವಯಲಿನ್ ಕಲಿತು, ಬೊಂಬಾಯಿಗೆ ಹೋಗಿ, ಸಿನೆಮಾ ಹಾಡುಗಳ ಧ್ವನಿಮುದ್ರಣ ನಡೆಯುವ ಸ್ಟುಡಿಯೋಗಳಲ್ಲಿ ವಯಲಿನ್ ನುಡಿಸುತ್ತ ಅರ್ಧ ಆಯುಷ್ಯ ಕಳೆದವರು. ಅಲ್ಲಿ ವಯಲಿನಿನವರು ಸಾಲಾಗಿ ಕೂರುತ್ತಿದ್ದರಂತೆ. ಒಂದು ಹಾಡಿಗೆ ಇಪ್ಪತ್ತು, ಮೂವತ್ತು ಜನ. ಹಾಡಿನ ಧಾಟಿ ಹಾಡುವವರದ್ದು. ಇವರದ್ದು ಅದರ ಹಿಂದೆ ಹರಿಯುವ ಸ್ವರ, ಚರಣ ಮತ್ತು ಪಲ್ಲವಿಯ ನಡುವಿನ ತುಣುಕು. ಕ್ಯಾಸೆಟಿನ ಮೇಲೆ ಸಂಗೀತ ನಿರ್ದೇಶಕರ ಹೆಸರು, ಗಾಯಕರ ಹೆಸರು, ಕವಿಯ ಹೆಸರು ಇರುತ್ತಿತ್ತು. ಸಾಲಿನಲ್ಲಿ ಕೂತವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೂವತ್ತು ಜನರ ಸದ್ದನ್ನು ಒಬ್ಬನೇ ಹೊರಡಿಸುವ ಕೀಬೋರ್ಡುಗಳು ಬಂದವು. ಕರೆ ಬರುವುದು ವಾರಕ್ಕೊಮ್ಮೆ ಆಯಿತು, ಆಮೇಲೆ ತಿಂಗಳಿಗೊಮ್ಮೆ. ಮಾಸ್ಟ್ರು ಹೆಂಡತಿಯನ್ನು ಕರೆದುಕೊಂಡು ಬಂಟ್ವಾಳಕ್ಕೆ ವಾಪಸು ಬಂದರು. ಇದನ್ನೆಲ್ಲ ಅವರು ಬೇಸರವಿಲ್ಲದೆ, ಬಸ್ಸಿನ ವೇಳೆ ಬದಲಾದದ್ದನ್ನು ಹೇಳುವಂತೆ ಹೇಳಿದರು.

ಅವರಿಗೆ ಬೇಕಾಗಿದ್ದದ್ದು ಬೇರೆ. ಬೊಂಬಾಯಿಯಲ್ಲಿ ಭಾನುವಾರ ಬೆಳಿಗ್ಗೆ ಸ್ಟುಡಿಯೋದ ನಾಲ್ಕು ಜನ ಯಾರದಾದರೂ ಮನೆಯಲ್ಲಿ ಸೇರಿ ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸುತ್ತಿದ್ದರಂತೆ. ಎರಡು ವಯಲಿನ್, ಒಂದು ವಿಯೋಲ, ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಒಂದು ಸೆಲ್ಲೋ. ಯುರೋಪಿನಲ್ಲಿ ಇನ್ನೂರು ವರ್ಷಗಳ ಹಿಂದೆ ಶ್ರೀಮಂತರ ಮನೆಯ ಕೋಣೆಗಳಲ್ಲಿ ನುಡಿಸಲೆಂದು ಬರೆದ ಸಂಗೀತ ಅದು. ಮುಂದೆ ನಿಂತು ಕೋಲು ಆಡಿಸುವವರು ಇಲ್ಲ, ಹಾಡುವವರೂ ಇಲ್ಲ. ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಕೊಂಡು ಸಾಗಬೇಕು. “ಸ್ಟುಡಿಯೋದಲ್ಲಿ ಹೊಟ್ಟೆಗೆ ನುಡಿಸಿದ್ದು, ಭಾನುವಾರ ನಮಗೋಸ್ಕರ” ಎಂದು ಮಾಸ್ಟ್ರು ಹೇಳಿದ್ದರು. ಊರಿಗೆ ಬಂದ ಮೇಲೆ ಅವರು ಹುಡುಕುತ್ತಿದ್ದದ್ದು ಉಳಿದ ಮೂವರನ್ನು.

ಎರಡನೇ ವಯಲಿನ್ ಅವರಿಗೆ ಮೊದಲೇ ಸಿಕ್ಕಿತ್ತು. ತೋಡಾರಿನ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ, ಮೂಡಬಿದಿರೆಯ ಹತ್ತಿರ ತಾಯಿಯೊಂದಿಗೆ ಇದ್ದ ಯುವತಿ. ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು, ಗಾಯನ ಮಂಡಳಿಯನ್ನು ನಡೆಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಮಗೆಲ್ಲ ಅವರು ಟೀಚರ್. ಮಾತು ಕಡಿಮೆ. ತಪ್ಪಿದ ಕಡೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದು ಮುಂದೆ ಹೋಗುವವರು.

ಸೆಲ್ಲೋಗೆ ಸಿಕ್ಕವನು ಬೆಳ್ತಂಗಡಿಯ ಬ್ಯಾರಿ ಮುಸ್ಲಿಂ ಕುಟುಂಬದವನು. ಅಣ್ಣನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ. ಕಾಲೇಜಿನಲ್ಲಿದ್ದಾಗ ಗೆಳೆಯರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ, ಅಂಗಡಿಗೆ ಬಂದ ಮೇಲೆ ಅದು ನಿಂತಿತ್ತು. ಮಾಸ್ಟ್ರು ಪರದೆ ಬಟ್ಟೆ ಕೊಳ್ಳಲು ಹೋದವರು ಮಾತಿಗೆ ಮಾತು ಬಂದು ಇವನನ್ನು ಹಿಡಿದರು. ತಗ್ಗಿನ ಸ್ವರ ಕೇಳಿ ಅಭ್ಯಾಸವಿರುವ ಕಿವಿ ಸಾಕು, ಉಳಿದದ್ದು ಕಲಿಸಬಹುದು ಎಂದರಂತೆ. ಬೊಂಬಾಯಿಯಲ್ಲಿ ತೀರಿಕೊಂಡ ಸ್ನೇಹಿತರೊಬ್ಬರ ಸೆಲ್ಲೋ ಮಾಸ್ಟ್ರ ಹತ್ತಿರ ಇತ್ತು. ಅವನ ತಂದೆಗೆ ಇದು ಇಷ್ಟವಾಗಲಿಲ್ಲ, ಆದರೆ ಜಗಳವನ್ನೂ ಮಾಡಲಿಲ್ಲ. ವಾದ್ಯ ಮನೆಗೂ ಅಂಗಡಿಗೂ ಬರಬಾರದು ಎಂದಷ್ಟೇ ಹೇಳಿದರು. ಹಾಗಾಗಿ ಸೆಲ್ಲೋ ನಮ್ಮ ಹೋಟೆಲಿನ ಮಾಳಿಗೆಯಲ್ಲಿಯೇ ಉಳಿಯಿತು. ನಾಲ್ವರಿಗೂ ಬಸ್ಸು ಸಿಗುವ ಜಾಗ ಅದೇ ಆದ್ದರಿಂದ ಅಭ್ಯಾಸವೂ ಅಲ್ಲಿಯೇ, ಮಂಗಳವಾರ ಸಂಜೆ ಮತ್ತು ಭಾನುವಾರ ಮಧ್ಯಾಹ್ನ.

ಮೊದಲ ವರ್ಷ ಕಷ್ಟದ್ದಾಗಿತ್ತು. ಚಾಪೆಯಿಂದ ಎದ್ದು ಕುರ್ಚಿಯಲ್ಲಿ ಕೂತು, ಮಾಸ್ಟ್ರು ತರಿಸಿಕೊಟ್ಟ ವಿಯೋಲವನ್ನು ಗಲ್ಲದ ಕೆಳಗೆ ಸಿಕ್ಕಿಸಿ ನುಡಿಸುವುದಕ್ಕೆ ನನ್ನ ಕುತ್ತಿಗೆ ಒಪ್ಪಲಿಲ್ಲ. ಐದು ಗೆರೆಗಳ ಸ್ವರಲಿಪಿ ಓದಲು ಕಲಿಯಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಗಮಕ ಬಿಡಬೇಕಾಯಿತು. ನನ್ನ ಬೆರಳು ಪ್ರತಿ ಸ್ವರದಲ್ಲೂ ತಾನಾಗಿ ಜಾರುತ್ತಿತ್ತು. ಮಾಸ್ಟ್ರು ಕಮಾನಿನಿಂದ ನನ್ನ ಹಾಳೆಯ ಸ್ಟ್ಯಾಂಡ್ ತಟ್ಟಿ, “ಸ್ವರವನ್ನು ಅಲ್ಲಾಡಿಸಬೇಡಿ, ಅದು ಕೂತಲ್ಲಿ ಕೂರಲಿ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಬಿರಡೆಗಳು ಉಬ್ಬಿ ತಿರುಗುತ್ತಿರಲಿಲ್ಲ, ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತಿರಲಿಲ್ಲ. ಸೆಲ್ಲೋದ ಒಂದು ಬದಿ ಅಂಟು ಬಿಟ್ಟು ಬಾಯಿ ತೆರೆದಾಗ ಮಾಸ್ಟ್ರೇ ಅಂಟು ಕಾಯಿಸಿ ಸೇರಿಸಿ ಹಗ್ಗ ಬಿಗಿದು ಇಟ್ಟರು. ಅಕ್ಕಿಯ ಲೋಡು ಬಂದ ವಾರ ಕೋಣೆಯಲ್ಲಿ ಸದ್ದು ಸತ್ತಂತೆ ಕೇಳುತ್ತಿತ್ತು, ಮೂಟೆ ಖಾಲಿಯಾಗುತ್ತ ಹೋದಂತೆ ಸದ್ದು ತೆರೆದುಕೊಳ್ಳುತ್ತಿತ್ತು. ನಮಗೆ ಒಳ್ಳೆಯ ಅಭ್ಯಾಸ ಆಗುತ್ತಿದ್ದದ್ದು ಅಕ್ಕಿ ಮುಗಿಯುವ ಹೊತ್ತಿಗೆ.

ತಂದೆಯವರು ಒಮ್ಮೆ ಮೇಲೆ ಬಂದು ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, “ಇದರಲ್ಲಿ ಹಾಡು ನುಡಿಸುವುದು ಯಾರು?” ಎಂದು ಕೇಳಿದರು. ಒಮ್ಮೆ ಒಬ್ಬರು, ಒಮ್ಮೆ ಇನ್ನೊಬ್ಬರು ಎಂದೆ. ನಿನಗೆ ಯಾವಾಗ ಬರುತ್ತದೆ ಎಂದರು. ವಿಯೋಲಕ್ಕೆ ಅಪರೂಪಕ್ಕೆ ಬರುತ್ತದೆ ಎಂದೆ. ಅವರು ತಲೆಯಾಡಿಸಿ ಕೆಳಗೆ ಹೋದರು. ನನಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ನಡುವಿನಲ್ಲಿ ಕೂತು ಮೂರೂ ಕಡೆಯ ಸದ್ದು ಕೇಳುವುದು ನನ್ನ ಸ್ವಭಾವಕ್ಕೆ ಸರಿಯಾಗಿತ್ತು. ಗಲ್ಲಾದಲ್ಲಿ ಕೂತು ಮಾಡುತ್ತಿದ್ದದ್ದೂ ಹೆಚ್ಚು ಕಡಿಮೆ ಅದನ್ನೇ.

ಎರಡನೇ ವರ್ಷದಿಂದ ನಮ್ಮನ್ನು ಕರೆಯತೊಡಗಿದರು. ಇಗರ್ಜಿಯ ಮದುವೆಗಳು, ಶಾಲೆಗಳ ವಾರ್ಷಿಕೋತ್ಸವ, ಮೂಡಬಿದಿರೆಯ ಒಂದು ಜೈನ ಮನೆತನದ ಹಿರಿಯರ ಎಂಬತ್ತನೇ ಹುಟ್ಟುಹಬ್ಬ. ಜನ ಊಟ ಮಾಡುತ್ತ, ಮಾತಾಡುತ್ತ ಕೇಳುತ್ತಿದ್ದರು. ಫ್ಯಾನಿನ ಗಾಳಿಗೆ ಹಾಳೆ ಹಾರದ ಹಾಗೆ ಬಟ್ಟೆಯ ಕ್ಲಿಪ್ಪು ಹಾಕುತ್ತಿದ್ದೆವು. ಸೆಲ್ಲೋವನ್ನು ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ಒಯ್ಯುತ್ತಿದ್ದೆವು.

ನಾರಾವಿಯ ಮದುವೆಯೊಂದು ನನಗೆ ಚೆನ್ನಾಗಿ ನೆನಪಿದೆ. ನಾವು ಯುರೋಪಿನದ್ದು ಏನೋ ನುಡಿಸುತ್ತಿದ್ದಾಗ ಮದುಮಗಳ ಅಜ್ಜಿ ಎದುರು ಬಂದು ಒಂದು ಹಳೆಯ ಹಿಂದಿ ಹಾಡಿನ ಮೊದಲ ಶಬ್ದ ಹೇಳಿ, ಅದನ್ನು ನುಡಿಸಬಹುದಾ ಎಂದು ಕೇಳಿದರು. ಮಾಸ್ಟ್ರಿಗೆ ಸಂಕೋಚವಾಯಿತು. ಆ ಹಾಡಿನ ಧ್ವನಿಮುದ್ರಣದಲ್ಲಿ ಅವರು ಇದ್ದರು. ಆದರೆ ಅವರಿಗೆ ಗೊತ್ತಿದ್ದದ್ದು ವಯಲಿನ್‌ಗಳ ತುಣುಕು ಮಾತ್ರ, ಹಾಡಿನ ಧಾಟಿಯನ್ನು ಅವರು ಒಮ್ಮೆಯೂ ನುಡಿಸಿರಲಿಲ್ಲ. ಎದ್ದು ನಿಂತು, ಆ ತುಣುಕನ್ನು ನುಡಿಸಿದರು. ಹಾಡು ಶುರುವಾಗಬೇಕಾದ ಕಡೆ ಕಮಾನು ಎತ್ತಿ ನಿಲ್ಲಿಸಿದರು. ಸಭಾಂಗಣದ ಆ ಬದಿಯಲ್ಲಿ ಕೂತಿದ್ದ ನಾಲ್ಕೈದು ಹೆಂಗಸರು ತಾವಾಗಿ ಪಲ್ಲವಿ ಎತ್ತಿಕೊಂಡರು. ಪಲ್ಲವಿ ಮುಗಿದ ಕಡೆ ಮಾಸ್ಟ್ರು ಮತ್ತೆ ಸೇರಿದರು. ಹೀಗೆ ಇಡೀ ಹಾಡು ಆಯಿತು. ವಾಪಸು ಬರುವಾಗ ಜೀಪಿನಲ್ಲಿ ಅವರು ಹೇಳಿದ್ದು ಒಂದೇ ಮಾತು: “ಇಪ್ಪತ್ತೆಂಟು ಜನ ನುಡಿಸಿದ್ದನ್ನು ಒಬ್ಬನೇ ನುಡಿಸಿದ್ದು. ಜನರಿಗೆ ಗುರುತು ಸಿಕ್ಕಿತು ನೋಡಿ.”

ತೊಂಬತ್ತರ ದಶಕ ಮುಗಿಯುವ ಮೊದಲು ಮೂಡಬಿದಿರೆ ಕಡೆಯ ಒಂದು ಇಗರ್ಜಿಯ ದೊಡ್ಡ ಜುಬಿಲಿ ಆಚರಣೆ ಬಂತು. ಗಾಯನ ಮಂಡಳಿಯ ಜೊತೆ ಪೂರ್ತಿ ಆರ್ಕೆಸ್ಟ್ರಾ ಬೇಕೆಂದು ಸಮಿತಿಯವರು ತೀರ್ಮಾನಿಸಿದರು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಸಿನೆಮಾ ಹಾಡಿನ ರಸಮಂಜರಿ. ಇದು ಅದಲ್ಲ, ವಯಲಿನ್ ಸಾಲುಗಳು, ಕೊಳಲು, ಕ್ಲಾರಿನೆಟ್, ಟ್ರಂಪೆಟ್ ಎಲ್ಲ ಇರುವ ಪಾಶ್ಚಾತ್ಯ ಪದ್ಧತಿಯದ್ದು. ಮಂಗಳೂರಿನಿಂದ, ಉಡುಪಿಯಿಂದ ಕೆಲವರು, ಗೋವಾದಿಂದ ಹೆಚ್ಚಿನವರು, ಎಲ್ಲ ಸೇರಿ ಮೂವತ್ತರ ಹತ್ತಿರ ಜನ. ಮುಂದೆ ನಿಂತು ನಡೆಸುವ ಕಂಡಕ್ಟರ್ ಮಾಸ್ಟ್ರೇ ಎಂದು ಯಾರೂ ಚರ್ಚೆ ಮಾಡದೆ ಗೊತ್ತಾಯಿತು. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ದೊಡ್ಡ ಅಕ್ಷರದಲ್ಲಿ ಅಚ್ಚಾಯಿತು. ಅವರು ಅದನ್ನು ಹೆಂಡತಿಗೆ ತೋರಿಸಿದರಂತೆ. ಜೀವಮಾನದಲ್ಲಿ ಅವರ ಹೆಸರು ಹಾಗೆ ಅಚ್ಚಾದದ್ದು ಅದೇ ಮೊದಲು.

ಅಭ್ಯಾಸ ತೋಡಾರಿನ ಶಾಲೆಯಲ್ಲಿ, ಮೇ ತಿಂಗಳ ರಜೆಯಲ್ಲಿ. ತರಗತಿಯಿಂದ ಪಾಠ ಹೇಳುವವರು ನಿಲ್ಲುವ ಮರದ ಹಲಗೆಯ ವೇದಿಕೆಯನ್ನು ಎತ್ತಿ ತಂದು ಹಾಲಿನಲ್ಲಿ ಇಟ್ಟಿದ್ದೆವು. ಮಾಸ್ಟ್ರು ಅದರ ಮೇಲೆ ನಿಂತರು. ಮೊದಲ ದಿನವೇ ಏನೋ ಸರಿಯಿಲ್ಲ ಎಂದು ನನಗೆ ಕಂಡಿತು. ವಿಯೋಲದವರು ಕೂರುವುದು ಕಂಡಕ್ಟರನ ಎದುರಿಗೇ, ಹಾಗಾಗಿ ಕಾಣದೆ ಇರಲು ಸಾಧ್ಯವಿರಲಿಲ್ಲ. ಮಾಸ್ಟ್ರ ಬಲಗೈ ಕೋಲು ಆಡಿಸುತ್ತಿತ್ತು, ಎಡಗೈ ಬೆರಳುಗಳು ಗಾಳಿಯಲ್ಲಿ ಮೊದಲ ವಯಲಿನ್‌ನ ಸ್ವರಗಳನ್ನು ಒತ್ತುತ್ತಿದ್ದವು. ಅವರು ಜೀವಮಾನವಿಡೀ ಕೂತ ಸಾಲಿನ ಕಡೆಗೇ ಅವರ ಕಿವಿ ಹೋಗುತ್ತಿತ್ತು. ಕೊಳಲಿನವರು ಯಾವಾಗ ಶುರು ಮಾಡಬೇಕು ಎಂದು ಅವರನ್ನು ನೋಡುತ್ತ ಕೂತರೆ ಇವರು ವಯಲಿನ್‌ಗಳ ಕಡೆ ತಿರುಗಿರುತ್ತಿದ್ದರು. ಗಾಯನ ಮಂಡಳಿ ಒಂದು ಕಡೆ, ಟ್ರಂಪೆಟ್ ಇನ್ನೊಂದು ಕಡೆ. ಗೋವಾದವರು ಮೊದಲ ದಿನ ಮರ್ಯಾದೆಯಿಂದ ಇದ್ದರು. ಎರಡನೇ ದಿನ ಮಾಸ್ಟ್ರನ್ನು ನೋಡುವುದನ್ನು ಬಿಟ್ಟರು.

ಆದರೆ ಮೂರನೇ ದಿನ ಎಲ್ಲ ಒಟ್ಟಿಗೆ ಕೂಡಿ ಬಂತು. ಯಾಕೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎರಡನೇ ವಯಲಿನ್‌ಗಳ ಮುಂದಿನ ಕುರ್ಚಿಯಲ್ಲಿ ಟೀಚರ್ ಕೂತಿದ್ದರು. ಪ್ರತಿಯೊಂದು ಆರಂಭಕ್ಕೆ ಮೊದಲು ಅವರು ಎಲ್ಲರಿಗೂ ಕೇಳುವ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದರು, ಕೊಳಲಿನವರ ಸರದಿ ಬಂದಾಗ ಆ ಕಡೆ ತಲೆ ತಿರುಗಿಸುತ್ತಿದ್ದರು, ಟ್ರಂಪೆಟ್ಟಿಗೆ ಹುಬ್ಬು ಎತ್ತುತ್ತಿದ್ದರು. ಎಲ್ಲರ ಭಾಗವೂ ಅವರಿಗೆ ಬಾಯಿಪಾಠವಾಗಿತ್ತು. ಮೂವತ್ತು ಜನ ಅವರನ್ನು ನೋಡಿಕೊಂಡು ನುಡಿಸುತ್ತಿದ್ದರು. ಮಾಸ್ಟ್ರ ಕೋಲು ಸುಮ್ಮನೆ ಅದರ ಜೊತೆಗೆ ಆಡುತ್ತಿತ್ತು.

ಚಾ ಕುಡಿಯಲು ಬಿಟ್ಟಾಗ ನಮ್ಮ ಮೂವರನ್ನು ಮಾತ್ರ ಮಾಸ್ಟ್ರು ಶಾಲೆಯ ಜಗಲಿಗೆ ಕರೆದರು. ಅಷ್ಟು ವರ್ಷ ಟೀಚರನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಆ ದಿನ ಬಹುವಚನಕ್ಕೆ ಹೋದರು.

“ಇನ್ನು ಮೇಲೆ ನೀವು ನಿಲ್ಲಿ. ನಾನು ನಿಮ್ಮ ಸಾಲಿನಲ್ಲಿ ಕೂರ್ತೇನೆ.”

ಟೀಚರಿಗೆ ಅರ್ಥವಾಗಿತ್ತು ಎಂದು ಮುಖದಲ್ಲೇ ಕಾಣುತ್ತಿತ್ತು. “ನಾನು ನಿಂತರೆ ಅವರು ನುಡಿಸುವುದಿಲ್ಲ ಮಾಸ್ಟ್ರೆ” ಎಂದರು.

“ಈಗ ನಿಮ್ಮನ್ನು ನೋಡಿಯೇ ನುಡಿಸ್ತಾ ಇರುವುದು. ನೀವು ಕೂತಲ್ಲಿಂದ ಎದ್ದು ನಿಂತರೆ ಸಾಕು.”

ಇದನ್ನು ಸಮಿತಿಗೆ ಹೇಳಲು ಹೋದಾಗ ತೊಡಕು ಎದ್ದಿತು. ಕಾರ್ಯದರ್ಶಿಗಳು ಒಳ್ಳೆಯವರು, ಆದರೆ ಆಮಂತ್ರಣ ಊರೆಲ್ಲ ಹಂಚಿ ಆಗಿತ್ತು. ಟೀಚರ್ ನಿಲ್ಲಲಿ, ಅಡ್ಡಿಯಿಲ್ಲ, ಆದರೆ ಹೆಸರು ಮಾಸ್ಟ್ರದ್ದೇ ಇರಲಿ, ಘೋಷಣೆಯಲ್ಲಿಯೂ ಹಾಗೆಯೇ ಹೇಳುವ, ಎಂದರು. ಮಾಸ್ಟ್ರಿಗೂ ಮೊದಲಿಗೆ ಅದು ತಪ್ಪಾಗಿ ಕಾಣಲಿಲ್ಲ. ಟೀಚರ್ ಒಪ್ಪಲಿಲ್ಲ. ಗಟ್ಟಿಯಾಗಿ ಮಾತಾಡಲಿಲ್ಲ, ಸಿಟ್ಟೂ ಇರಲಿಲ್ಲ.

“ನಾನು ನಿಂತರೆ ನನ್ನ ಹೆಸರು ಹೇಳಬೇಕು. ಇಲ್ಲದಿದ್ದರೆ ಕೂತಲ್ಲಿಂದಲೇ ನುಡಿಸ್ತೇನೆ, ನನಗೆ ಅದರಲ್ಲಿ ಬೇಜಾರಿಲ್ಲ.”

ಕಾರ್ಯದರ್ಶಿಗಳು ಮಾಸ್ಟ್ರ ಮುಖ ನೋಡಿದರು. ಮಾಸ್ಟ್ರು ಕೈಯಲ್ಲಿದ್ದ ಆಮಂತ್ರಣವನ್ನು ಮಡಚಿ ಕಿಸೆಗೆ ಹಾಕಿದರು. ಆಮೇಲೆ, “ಅವರು ಹೇಳುವುದು ಸರಿ. ವೇದಿಕೆಯಲ್ಲಿ ನಾನೇ ಹೇಳ್ತೇನೆ” ಎಂದರು. ಕಾರ್ಯದರ್ಶಿಗಳು ಒಪ್ಪಿದರು.

ಕಾರ್ಯಕ್ರಮದ ಸಂಜೆ ಅವರು ಹೇಳಿದ ಹಾಗೆಯೇ ಮಾಡಿದರು. ಮೈಕಿನ ಮುಂದೆ ನಿಂತು, ಆಮಂತ್ರಣದಲ್ಲಿ ತನ್ನ ಹೆಸರು ಉಂಟು, ಆದರೆ ಇಂದು ಆರ್ಕೆಸ್ಟ್ರಾವನ್ನು ನಡೆಸುವವರು ಇವರು ಎಂದು ಟೀಚರ ಪೂರ್ತಿ ಹೆಸರು, ಅವರ ತಾಯಿಯ ಹೆಸರು, ಊರು ಎಲ್ಲ ಹೇಳಿ, ವಯಲಿನ್ ತೆಗೆದುಕೊಂಡು ಎರಡನೇ ವಯಲಿನ್‌ಗಳ ಸಾಲಿನ ಕೊನೆಯ ಕುರ್ಚಿಯಲ್ಲಿ ಹೋಗಿ ಕೂತರು. ಸಭೆಯಲ್ಲಿ ಗುಸುಗುಸು ಎದ್ದಿತು, ಆಮೇಲೆ ನಿಂತಿತು. ಟೀಚರ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹಲಗೆ ಹತ್ತಿದರು. ಅವರ ಸೀರೆಯ ಸೆರಗು ಪಿನ್ನು ಹಾಕಿ ಬಿಗಿದಿತ್ತು. ಎಲ್ಲರಿಗೂ ಕೇಳುವ ಹಾಗೆ ಒಮ್ಮೆ ಉಸಿರು ಎಳೆದುಕೊಂಡು ಕೈ ಎತ್ತಿದರು. ಒಂದು ಕಡೆ ಟ್ರಂಪೆಟಿನವರು ಒಂದು ಮಾತ್ರೆ ಮೊದಲೇ ಉಸಿರು ಎಳೆದಾಗ ಟೀಚರ್ ಎಡಗೈ ಅಂಗೈ ತೋರಿಸಿ ಅವರನ್ನು ತಡೆದು, ಸರಿಯಾದ ಜಾಗದಲ್ಲಿ ಬಿಟ್ಟರು. ಕೇಳುವವರಿಗೆ ಏನೂ ಗೊತ್ತಾಗಲಿಲ್ಲ. ಕಾರ್ಯಕ್ರಮ ಚೆನ್ನಾಯಿತು.

ನನಗೆ ಆ ಸಂಜೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನುಡಿಸುವವರಿಗೆ ಕಾರ್ಯಕ್ರಮ ನೆನಪಿರುವುದು ಕಡಿಮೆ, ಅಭ್ಯಾಸವೇ ನೆನಪಿರುವುದು. ಮಾಸ್ಟ್ರು ಮಾತ್ರ ಆಮೇಲೆ ತುಂಬ ಹಗುರಾದ ಹಾಗೆ ಇದ್ದರು. ಸಾಲಿನ ಕೊನೆಯಲ್ಲಿ ಕೂತು ನುಡಿಸುವುದರಷ್ಟು ಸುಖ ಇನ್ನೊಂದಿಲ್ಲ, ನಡುವೆ ಅದನ್ನು ಮರೆತಿದ್ದೆ ಎಂದು ಒಮ್ಮೆ ಹೇಳಿದರು. ನಿಜವಾಗಿ ಹಾಗೆ ಅನಿಸಿತೋ, ನಮಗಾಗಿ ಹೇಳಿದರೋ, ನಾನು ಕೇಳಲಿಲ್ಲ.

ಗೋವಾದಿಂದ ಬಂದಿದ್ದ ಹಿರಿಯ ವಾದಕರೊಬ್ಬರು ಟೀಚರ ಬಗ್ಗೆ ಮದ್ರಾಸಿನ ಒಂದು ಸಂಗೀತ ಶಾಲೆಗೆ ಹೇಳಿದರು. ಮರುವರ್ಷ ಟೀಚರ್ ಶಾಲೆಯ ಕೆಲಸ ಬಿಟ್ಟು ಅಲ್ಲಿಗೆ ಹೋದರು. ಅಲ್ಲಿಂದ ವಿದ್ಯಾರ್ಥಿವೇತನ ಸಿಕ್ಕಿ ಜರ್ಮನಿಗೆ. ಅವರ ತಾಯಿ ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರಿಗೆ ಮಗಳು ಕಂಡಕ್ಟರ್ ಆಗಲಿಕ್ಕೆ ಕಲಿಯುತ್ತಿದ್ದಾಳೆ ಎಂದರಂತೆ. ಅವರು, ಅಷ್ಟು ಓದಿ ಬಸ್ಸಿಗೆ ಯಾಕೆ ಎಂದು ಮರುಗಿದರಂತೆ. ತಾಯಿ ಇದನ್ನು ಹೋಟೆಲಿಗೆ ಬಂದಾಗ ನಮಗೆ ಹೇಳಿ ನಕ್ಕರು. ಆದರೆ ಮಗಳಿಗೆ ಮದುವೆಯ ವಯಸ್ಸು ದಾಟುತ್ತಿದೆ ಎಂಬ ಚಿಂತೆಯನ್ನೂ ಅದೇ ಉಸಿರಿನಲ್ಲಿ ಹೇಳಿದರು.

ಸೆಲ್ಲೋದವನು ಎರಡು ಸಾವಿರನೇ ಇಸವಿಯ ಆಚೆಈಚೆ ದುಬೈಗೆ ಹೋದ. ಅವನ ಭಾವ ಅಲ್ಲಿದ್ದರು, ಇವನಿಗೆ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಹೋಗುವ ಮೊದಲು ಮಾಳಿಗೆಗೆ ಬಂದು ಸೆಲ್ಲೋದ ತಂತಿಗಳನ್ನು ಸಡಿಲಿಸಿ, ಚೀಲಕ್ಕೆ ಹಾಕಿ ಮಾಸ್ಟ್ರಿಗೆ ಒಪ್ಪಿಸಿದ. ಮಾಸ್ಟ್ರು, ಇಲ್ಲಿ ಯಾರು ನುಡಿಸ್ತಾರೆ, ತಕ್ಕೊಂಡು ಹೋಗು ಎಂದರು. ವಿಮಾನದಲ್ಲಿ ಒಡೆಯುತ್ತದೆ ಎಂದು ಅವನು ಒಯ್ಯಲಿಲ್ಲ. ಅಲ್ಲಿಗೆ ಹೋದ ಮೇಲೆ ಬೇರೊಂದು ಕೊಂಡ. ಬೇರೆ ಬೇರೆ ದೇಶದವರು ಕೆಲಸದ ಬಿಡುವಿನಲ್ಲಿ ಸೇರಿ ನಡೆಸುವ ಒಂದು ಆರ್ಕೆಸ್ಟ್ರಾ ಅಲ್ಲಿತ್ತು, ಅದಕ್ಕೆ ಸೇರಿದ. ರಜೆಯಲ್ಲಿ ಬಂದಾಗ ಅವನ ತಂದೆಯೇ ನಮ್ಮ ಹೋಟೆಲಿಗೆ ಕರೆದುಕೊಂಡು ಬಂದು, ಇವನು ಅಲ್ಲಿ ದೊಡ್ಡ ಹಾಲಿನಲ್ಲಿ ನುಡಿಸುತ್ತಾನಂತೆ ಎಂದು ನನ್ನ ತಂದೆಗೆ ಹೇಳಿದರು.

ಉಳಿದದ್ದು ಮಾಸ್ಟ್ರು ಮತ್ತು ನಾನು. ವಯಲಿನ್ ಮತ್ತು ವಿಯೋಲಕ್ಕೆ ಮಾತ್ರ ಬರೆದದ್ದು ಹೆಚ್ಚು ಇಲ್ಲ. ಇದ್ದದ್ದನ್ನೇ ಮತ್ತೆ ಮತ್ತೆ ನುಡಿಸಿದೆವು. ಒಂದೆರಡು ಬಾರಿ ಹೊಸಬರನ್ನು ಸೇರಿಸಿ ನೋಡಿದೆವು, ನಿಲ್ಲಲಿಲ್ಲ. ಕ್ವಾರ್ಟೆಟ್ ಮುಗಿಯಿತು ಎಂದು ಯಾರೂ ಹೇಳಿದ್ದಿಲ್ಲ. ಮದುವೆಗಳಿಗೆ ಕೀಬೋರ್ಡಿನವರೇ ಹೆಚ್ಚಾಗಿ ಬರತೊಡಗಿದ್ದರು, ಮಾಸ್ಟ್ರಿಗೆ ಅದು ಹೊಸದೂ ಆಗಿರಲಿಲ್ಲ.

ಎರಡು ಸಾವಿರದ ಐದರ ಹೊತ್ತಿಗೆ ಒಮ್ಮೆ ಟೀಚರ್ ಊರಿಗೆ ಬಂದರು. ಜರ್ಮನಿಯ ಸಣ್ಣ ಪೇಟೆಯೊಂದರ ರಂಗಮಂದಿರದಲ್ಲಿ ಸಹಾಯಕ ಕಂಡಕ್ಟರ್ ಆಗಿದ್ದರು. ತಮ್ಮ ಕೆಲಸವನ್ನು ಅವರು ದೊಡ್ಡದು ಮಾಡಿ ಹೇಳಲಿಲ್ಲ. ಗಾಯಕರಿಗೆ ಪಿಯಾನೋದಲ್ಲಿ ಅಭ್ಯಾಸ ಮಾಡಿಸುವುದು, ಮಕ್ಕಳ ಕಾರ್ಯಕ್ರಮ ನಡೆಸುವುದು, ದೊಡ್ಡವರಿಗೆ ಜ್ವರ ಬಂದರೆ ಅವರ ಬದಲಿಗೆ ನಿಲ್ಲುವುದು. ಎರಡು ವರ್ಷಕ್ಕೊಮ್ಮೆ ಕರಾರು ಮುಗಿಯುತ್ತದೆ, ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕು. ಮಾಳಿಗೆಯಲ್ಲಿ ಮಾಸ್ಟ್ರು, ನಾನು, ಅವರು ಮೂವರೇ ಇದ್ದೆವು. ಅಲ್ಲಿ ಯಾವುದು ಕಷ್ಟ ಎಂದು ಮಾಸ್ಟ್ರು ಕೇಳಿದರು. ಚಳಿ, ಭಾಷೆ, ಬಣ್ಣ, ಅಂಥದ್ದೇನೋ ಹೇಳುತ್ತಾರೆ ಎಂದುಕೊಂಡಿದ್ದೆ. ಅದೆಲ್ಲ ಇದ್ದೀತು, ಆದರೆ ಅವರು ಹೇಳಿದ್ದು ಬೇರೆ.

“ಮನೆಯಲ್ಲಿ ಅಭ್ಯಾಸ ಮಾಡ್ಲಿಕ್ಕೆ ನನಗೆ ವಾದ್ಯ ಇಲ್ಲ ಮಾಸ್ಟ್ರೆ. ಅರವತ್ತು ಜನ ಎದುರಿಗೆ ಬಂದು ಕೂರುವವರೆಗೆ ನನ್ನ ಕೈಯಲ್ಲಿ ಏನೂ ಇಲ್ಲ. ಅವರು ಎದ್ದು ಹೋದ ಮೇಲೆಯೂ ಏನೂ ಇಲ್ಲ.”

ಮಾಸ್ಟ್ರು ತಮ್ಮ ವಯಲಿನ್ ಅವರ ಕೈಗೆ ಕೊಟ್ಟರು. ಟೀಚರ್ ಸ್ವಲ್ಪ ಹೊತ್ತು ನುಡಿಸಿದರು, ನಾನು ವಿಯೋಲದಲ್ಲಿ ಸೇರಿದೆ. ಅವರ ಬೆರಳ ತುದಿ ಮೆತ್ತಗಾಗಿತ್ತು, ಬೇಗ ನೋವು ಹತ್ತಿತು. ವಯಲಿನ್ ವಾಪಸು ಕೊಟ್ಟು, ನೀವಿಬ್ಬರು ನುಡಿಸಿ, ಕೇಳ್ತೇನೆ ಎಂದರು. ಅಕ್ಕಿ ಮೂಟೆಗೆ ಒರಗಿ ಕೂತು ಪೂರ್ತಿ ಕೇಳಿದರು. ಮುಗಿದ ಮೇಲೆ, ಎರಡನೇ ಭಾಗದಲ್ಲಿ ವಿಯೋಲ ಇನ್ನೂ ಸ್ವಲ್ಪ ಮೇಲೆ ಬರಲಿ, ಮಾಸ್ಟ್ರು ಸ್ವಲ್ಪ ತಗ್ಗಲಿ ಎಂದರು. ಮಾಸ್ಟ್ರು ಪೆನ್ಸಿಲು ತೆಗೆದು ಹಾಳೆಯಲ್ಲಿ ಗುರುತು ಮಾಡಿಕೊಂಡರು. ಆಮೇಲೆ ಎಲ್ಲರೂ ಕೆಳಗೆ ಹೋಗಿ ಬನ್ಸ್ ತಿಂದೆವು.

ಅದರ ಎರಡು ಮೂರು ವರ್ಷದ ನಂತರ ಒಂದು ಬೆಳಿಗ್ಗೆ ದುಬೈಯಿಂದ ಸೆಲ್ಲೋದವನ ಫೋನು ಬಂತು. ಅವರ ಆರ್ಕೆಸ್ಟ್ರಾಕ್ಕೆ ಒಂದು ಕಾರ್ಯಕ್ರಮ ನಡೆಸಿಕೊಡಲು ಜರ್ಮನಿಯಿಂದ ಅತಿಥಿ ಕಂಡಕ್ಟರ್ ಬಂದಿದ್ದಾರೆ, ಅದು ಟೀಚರ್ ಎಂದ. ಇಬ್ಬರಿಗೂ ಮೊದಲೇ ಗೊತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಮೊದಲ ದಿನದ ಅಭ್ಯಾಸದಲ್ಲಿ ಅವನು ಸೆಲ್ಲೋ ಸಾಲಿನಲ್ಲಿ ಹಿಂದೆ ಕೂತಿದ್ದ. ಟೀಚರ್ ಇಂಗ್ಲಿಷಿನಲ್ಲಿ ಎಲ್ಲರಿಗೂ ವಂದಿಸಿ ಶುರು ಮಾಡಿದರು. ಗುರುತು ಇದೆ ಎಂದು ತೋರಿಸಿಕೊಳ್ಳಲಿಲ್ಲ. ಅರ್ಧ ಗಂಟೆಯ ನಂತರ ಒಂದು ಕಡೆ ಕೋಲು ತಟ್ಟಿ ನಿಲ್ಲಿಸಿ, ತಲೆ ಎತ್ತದೆ, ಹಾಳೆ ನೋಡುತ್ತಲೇ, ಬೆಳ್ತಂಗಡಿಯವರು ತಡವಾಗಿ ಬರುತ್ತಿದ್ದಾರೆ, ಅಂಗಡಿ ಬಾಗಿಲು ಹಾಕಿ ಬಂದದ್ದಾ ಎಂದು ತುಳುವಿನಲ್ಲಿ ಕೇಳಿದರಂತೆ. ಬೇರೆ ಯಾರಿಗೂ ಅರ್ಥವಾಗಲಿಲ್ಲ. ಇವನ ಪಕ್ಕದಲ್ಲಿದ್ದ ಫಿಲಿಪೀನ್ಸಿನ ಹೆಂಗಸು, ಅದು ಜರ್ಮನ್ ಭಾಷೆಯಾ ಎಂದು ಕೇಳಿದರಂತೆ. ಹೌದು ಎಂದನಂತೆ.

“ನಿಜಕ್ಕೂ ತಡವಾಗಿತ್ತು ಅಣ್ಣ” ಎಂದು ಅವನು ಫೋನಿನಲ್ಲಿ ಹೇಳಿದ. “ಆಮೇಲೆ ಸರಿ ಮಾಡಿದೆ.”

ಮರುದಿನ ನಾನು ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ಮಾಸ್ಟ್ರಿಗೆ ಆಗ ಮೊಣಕಾಲು ನೋವು, ಹೊರಗೆ ಬರುತ್ತಿರಲಿಲ್ಲ. ಮನೆಯ ಹಿಂದಿನ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ತುಳು ಮಾತಿನ ಕಡೆ ಬಂದಾಗ ಅವರ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿತು. ಮಾಸ್ಟ್ರು ನಗಲಿಲ್ಲ.

“ಅಷ್ಟು ಜನರ ನಡುವೆ ಇವನೊಬ್ಬ ತಡ ಆದದ್ದು ಅವರಿಗೆ ಕೇಳಿತಲ್ಲ. ಸೆಲ್ಲೋದವರು ಎಷ್ಟು ಜನ ಅಂತ ಹೇಳಿದ್ನಾ?” ಎಂದು ಕೇಳಿದರು.

ಅದನ್ನು ನಾನು ಕೇಳಿರಲಿಲ್ಲ. ಹಾಗಾದರೆ ಕೇಳುವ, ನಂಬರ್ ಉಂಟಲ್ಲ ನಿಮ್ಮಲ್ಲಿ ಎಂದು ಅವರು ಮೊಬೈಲಿಗಾಗಿ ಕೈ ಚಾಚಿದರು.